ಕೊನೆಯ ಗುಟುಕು ಯಾಕೆ ಬರೀ ಪಾಕ? ಸಿಹಿ ಬಿಯರ್ ಕಾಕ್‌ಟೇಲ್ ಮಾಡುವವರು ಸ್ವಲ್ಪ ಹೇಳಿ

ಅರ್ಧಗ್ಲಾಸು

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಪಾನೀಯದ ಹಿಂದೆ ಬಿದ್ದಿದ್ದೇನೆ. ಬಿಯರ್, ನಿಂಬೆ, ಶುಂಠಿ, ಸಕ್ಕರೆ. ಇಷ್ಟೇ. ಇನ್ನು ಹನ್ನೆರಡು ದಿನಕ್ಕೆ ನಮ್ಮ ಅಕ್ಕನ ಹುಟ್ಟುಹಬ್ಬ. ಇಪ್ಪತ್ತು ಜನ ಬರುತ್ತಾರೆ. ಬಿಯರ್ ಕಹಿ ಅಂತ ಮುಟ್ಟದವರೂ ಅವರಲ್ಲಿದ್ದಾರೆ. ಅವರಿಗೂ ಇಷ್ಟವಾಗುವಂಥದ್ದು ಏನಾದರೂ ಕೊಡಬೇಕು ಅಂತ ಆಸೆ.

ಈಗ ನಾನು ಮಾಡುತ್ತಿರುವುದು ಹೀಗೆ. ದೊಡ್ಡ ಮಗ್ಗಿನ ತುಂಬ ಐಸ್. ಅದಕ್ಕೆ 45 ಮಿಲಿ ಸಕ್ಕರೆ ಪಾಕ. ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರು ಹಾಕಿ ಕಾಯಿಸಿದ ಗಟ್ಟಿ ಪಾಕ ಅದು. ಆಮೇಲೆ ಅರ್ಧ ನಿಂಬೆಹಣ್ಣು, ತುರಿದ ಶುಂಠಿಯ ರಸ, ಮೇಲಿಂದ 330 ಮಿಲಿಯ ಒಂದು ಬಾಟಲಿ ಲಾಗರ್, ಅಂದರೆ ಎಲ್ಲ ಕಡೆ ಸಿಗುವ ಮಾಮೂಲಿ ಬಿಯರ್.

ಮೊದಲ ಮೂರು ಗುಟುಕು ತುಂಬಾ ಚೆನ್ನಾಗಿರುತ್ತದೆ. ಅರ್ಧಕ್ಕೆ ಬಂದಾಗ ಸಪ್ಪೆ. ಕೊನೆಗೆ ಬರೀ ಪಾಕ ಕುಡಿದ ಹಾಗೆ, ಗಂಟಲಿಗೆ ಅಂಟುತ್ತದೆ. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಹೀಗೇ. ಬಿಯರ್ ಬದಲಾಯಿಸಬೇಕಾ? ಪಾಕ ಕಡಿಮೆ ಮಾಡಬೇಕಾ? ಗೊತ್ತಿದ್ದವರು ಹೇಳಿ.

ನಿಂಬೆಹುಳಿ

ಪಾಕ ಜಾಸ್ತಿ ಆಯ್ತು. ಲೆಕ್ಕ ಹಾಕಿ ನೋಡಿ. ಎರಡಕ್ಕೊಂದರ ಪಾಕ 45 ಮಿಲಿ ಅಂದರೆ ಅದರಲ್ಲಿ ಸುಮಾರು 40 ಗ್ರಾಂ ಸಕ್ಕರೆ ಇದೆ. ಒಂದು ಗ್ಲಾಸಿಗೆ ಎಂಟು ಹತ್ತು ಸಣ್ಣ ಚಮಚ! ಅದನ್ನು ತಡೆದು ಹಿಡಿಯಲು ಅರ್ಧ ನಿಂಬೆಹಣ್ಣು ಸಾಲುವುದಿಲ್ಲ.

ಸಮಸಮ ಪಾಕ ಮಾಡಿ. ಒಂದು ಪಾಲು ಸಕ್ಕರೆ, ಒಂದು ಪಾಲು ನೀರು. ಎಷ್ಟು ಪಾಕ ಹಾಕುತ್ತೀರೋ ಅಷ್ಟೇ ನಿಂಬೆರಸ ಹಾಕಿ. ಹುಳಿ ಇರುವ ಎಷ್ಟೋ ಕಾಕ್‌ಟೇಲ್‌ಗಳು ನಿಂತಿರುವುದು ಈ ಅಳತೆಯ ಆಸುಪಾಸಿನಲ್ಲೇ.

ಕೌಂಟರ್‌ಹಿಂದೆ

ಹನ್ನೊಂದು ವರ್ಷ ಬಾರ್ ಕೌಂಟರಿನ ಹಿಂದೆ ನಿಂತವನು ನಾನು. ನಿಂಬೆಹುಳಿ ಅವರ ಲೆಕ್ಕ ಸರಿ. ಆದರೆ ಅದೊಂದೇ ಕಾರಣ ಅಲ್ಲ. ಬರೀ ಸಕ್ಕರೆ ಜಾಸ್ತಿ ಆಗಿದ್ದರೆ ಮೊದಲ ಗುಟುಕೇ ಅತಿ ಸಿಹಿ ಇರಬೇಕಿತ್ತು ಅಲ್ವಾ? ನಿಮಗೆ ಶುರು ಚೆನ್ನಾಗಿದೆ, ಕೊನೆ ಕೆಟ್ಟಿದೆ. ಹಾಗಾದರೆ ಗ್ಲಾಸಿನೊಳಗೆ ಕುಡಿಯುತ್ತಾ ಇರುವಾಗಲೇ ಏನೋ ಬದಲಾಗುತ್ತಿದೆ. ನನಗೆ ನಾಲ್ಕು ಕಾರಣ ಕಾಣುತ್ತದೆ.

ಮೊದಲನೆಯದು, ಪಾಕ ಬಿಯರಿಗಿಂತ ಭಾರ. ಗಟ್ಟಿ ಪಾಕವಂತೂ ಇನ್ನೂ ಭಾರ. ತಳಕ್ಕೆ ಹೋಗಿ ಕೂರುತ್ತದೆ. ಮೇಲೆ ಐಸ್ ತುಂಬಿರುವುದರಿಂದ ಬಿಯರ್ ಸುರಿದ ರಭಸ ತಳದವರೆಗೆ ಮುಟ್ಟುವುದಿಲ್ಲ. ನೀವು ಮೊದಲು ಕುಡಿಯುವುದು ಬಿಯರ್, ಕೊನೆಗೆ ಕುಡಿಯುವುದು ಪಾಕ.

ಎರಡನೆಯದು ತಂಪು. ನಾಲಿಗೆಗೆ ತಣ್ಣಗಿರುವಾಗ ಸಿಹಿ ಕಡಿಮೆ ಗೊತ್ತಾಗುತ್ತದೆ. ಕರಗಿದ ಐಸ್‌ಕ್ರೀಮ್ ತಿಂದು ನೋಡಿದ್ದೀರಾ? ಗಟ್ಟಿಯಾಗಿದ್ದಾಗ ಹದವಾಗಿದ್ದದ್ದು ಕರಗಿದ ಮೇಲೆ ಅತಿ ಸಿಹಿ ಅನ್ನಿಸುತ್ತದೆ. ನಿಮ್ಮ ಮಗ್ಗಿನಲ್ಲೂ ಅದೇ ಆಗುತ್ತಿರಬಹುದು. ದೊಡ್ಡ ಮಗ್ ಖಾಲಿಯಾಗಲು ಹೊತ್ತು ಹಿಡಿಯುತ್ತದೆ. ಐಸ್ ಕರಗಿದ ಮೇಲೆ ಉಳಿದದ್ದು ಬೇಗ ಬೆಚ್ಚಗಾಗುತ್ತದೆ.

ಮೂರನೆಯದು ಗ್ಯಾಸು. ಬಿಯರಿನ ಗ್ಯಾಸು ಬರೀ ಗುಳ್ಳೆ ಅಲ್ಲ. ನೀರಿನಲ್ಲಿ ಕರಗಿರುವಾಗ ಅದು ಸಣ್ಣ ಹುಳಿಯನ್ನೂ ನಾಲಿಗೆ ಚುಚ್ಚುವ ಗುಣವನ್ನೂ ಕೊಡುತ್ತದೆ. ಅದು ಹೋದರೆ ಸಿಹಿಗೆ ಎದುರು ನಿಲ್ಲುವವರು ಯಾರೂ ಇಲ್ಲ.

ನಾಲ್ಕನೆಯದು ಐಸ್. ಅದರ ಒರಟು ಮೈಮೇಲೆ ಗುಳ್ಳೆಗಳು ಹುಟ್ಟಿ ಗ್ಯಾಸು ಬೇಗ ಹೊರಟುಹೋಗುತ್ತದೆ. ಕರಗಿದ ನೀರು ಮೇಲಿನ ಅರ್ಧವನ್ನು ಸಪ್ಪೆ ಮಾಡುತ್ತದೆ. ಅರ್ಧಕ್ಕೆ ಸಪ್ಪೆ, ಕೊನೆಗೆ ಪಾಕ ಅಂದಿರಲ್ಲ, ಎರಡಕ್ಕೂ ಉತ್ತರ ಇಲ್ಲೇ ಇದೆ.

ಅರ್ಧಗ್ಲಾಸು

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಐಸ್ ಬಿಟ್ಟರೆ ತಂಪು ಹೇಗೆ? ಮತ್ತೆ ತಳದ ಪಾಕಕ್ಕೆ ಚಮಚ ಹಾಕಿ ಜೋರಾಗಿ ಕಲಕಿದ್ದೂ ಆಯಿತು. ನೊರೆ ಉಕ್ಕಿ ಮೇಜಿನ ಮೇಲೆಲ್ಲ ಚೆಲ್ಲಿತು.

ಕೌಂಟರ್‌ಹಿಂದೆ

ಜೋರಾಗಿ ಕಲಕಬೇಡಿ. ಕಲಕುವ ಕೆಲಸ ಬಿಯರ್ ಬರುವ ಮೊದಲೇ ಮುಗಿದಿರಬೇಕು. ಕ್ರಮ ಹೀಗಿಡಿ.

ಖಾಲಿ ಗ್ಲಾಸಿಗೆ ಪಾಕ ಮತ್ತು ನಿಂಬೆರಸ ಹಾಕಿ ಚೆನ್ನಾಗಿ ಬೆರೆಸಿ. ನಿಂಬೆರಸ ಸೇರಿದರೆ ಪಾಕ ತೆಳ್ಳಗಾಗುತ್ತದೆ, ಅರ್ಧ ಕೆಲಸ ಅಲ್ಲೇ ಆಯಿತು. ಆಮೇಲೆ ಎರಡು ಬೆರಳಿನಷ್ಟು ಬಿಯರ್ ಬಗ್ಗಿಸಿ, ಚಮಚದಿಂದ ಒಂದು ಸುತ್ತು ತಿರುಗಿಸಿ. ಸ್ವಲ್ಪ ನೊರೆ ಏಳುತ್ತದೆ, ಇಳಿಯಲಿ ಬಿಡಿ. ಈಗ ಗ್ಲಾಸನ್ನು ಓರೆ ಹಿಡಿದು ಉಳಿದ ಬಿಯರನ್ನು ಗೋಡೆಗುಂಟ ಬಿಡಿ. ಮುಕ್ಕಾಲು ತುಂಬಿದ ಮೇಲೆ ನೆಟ್ಟಗೆ ಹಿಡಿದು ನಡುವಿಗೆ ಸುರಿಯಿರಿ. ನೊರೆ ತಾನಾಗಿ ಬರುತ್ತದೆ. ಕೊನೆಗೆ ಚಮಚವನ್ನು ತಳಕ್ಕೆ ಇಳಿಸಿ ಒಂದೇ ಸಲ ಮೆಲ್ಲಗೆ ಮೇಲೆತ್ತಿ. ಮುಗಿಯಿತು.

ತಂಪು ಬೇಕಾದರೆ ಎಲ್ಲವನ್ನೂ ಮೊದಲೇ ತಂಪು ಮಾಡಿಡಿ. ಬಿಯರ್, ಪಾಕ, ನಿಂಬೆರಸ ಎಲ್ಲವೂ ಫ್ರಿಜ್‌ನಲ್ಲಿ 4 ಡಿಗ್ರಿ ಹತ್ತಿರ ಇರಲಿ. ಗ್ಲಾಸನ್ನೂ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಫ್ರೀಜರ್‌ನಿಂದ ತೆಗೆದ ಗ್ಲಾಸಿನೊಳಗೆ ಹಿಮದ ಹರಳು ಕೂತಿರುತ್ತದೆ, ಬಿಯರ್ ತಾಗಿದ ಕೂಡಲೇ ಬರೀ ನೊರೆ.

ಮುಖ್ಯವಾದ ಮಾತು, ಆ ದೊಡ್ಡ ಮಗ್ ಬಿಡಿ. 250ರಿಂದ 300 ಮಿಲಿಯ ಗ್ಲಾಸು ತೆಗೆದುಕೊಂಡು ಅದಕ್ಕೆ 200 ಮಿಲಿ ಬಿಯರ್ ಹಾಕಿ. ತಂಪು ಹೋಗುವ ಮೊದಲೇ ಮುಗಿಯುತ್ತದೆ. ಬೇಕಾದವರಿಗೆ ಇನ್ನೊಂದು ಹೊಸದಾಗಿ ಮಾಡಿಕೊಡಿ.

ಗೋಧಿತೆನೆ

ಬಿಯರಿನ ಆಯ್ಕೆ ಬಗ್ಗೆ ಯಾರೂ ಮಾತಾಡಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮನೆಯಲ್ಲೇ ಸಣ್ಣ ಪ್ರಮಾಣದಲ್ಲಿ ಬಿಯರ್ ಮಾಡುವ ಅಭ್ಯಾಸ ನನಗಿದೆ.

ಬಿಯರಿನ ಕಹಿ ಬರುವುದು ಮುಖ್ಯವಾಗಿ ಹಾಪ್ಸ್ ಹೂವಿನಿಂದ. ಅದನ್ನು ಐಬಿಯು ಅಂತ ಅಳೆಯುತ್ತಾರೆ. ಗೋಧಿ ಬಿಯರ್ ಸಾಮಾನ್ಯವಾಗಿ 10ರಿಂದ 15ರ ಆಸುಪಾಸು. ಹಗುರ ಲಾಗರ್ ಕೂಡ ಹೆಚ್ಚೂಕಡಿಮೆ ಅಲ್ಲೇ. ಹಾಪ್ಸ್ ಜಾಸ್ತಿ ಹಾಕಿ ಮಾಡುವ ಐಪಿಎ ಬಗೆಯ ಬಿಯರ್ ಅಂದರೆ 40ರಿಂದ 70. ಸಿಹಿ ಕಾಕ್‌ಟೇಲಿಗೆ ಐಪಿಎ ತರಬೇಡಿ. ಸಿಹಿ ಸೇರಿಸಿದರೆ ಕಹಿ ಮುಚ್ಚಿಹೋಗುತ್ತದೆ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಅಷ್ಟು ಕಹಿ ಮುಚ್ಚುವುದಿಲ್ಲ. ನಿಂಬೆಯ ಹುಳಿ ಅದರ ಜೊತೆ ಸೇರಿದರೆ ಔಷಧಿಯ ಹಾಗೆ ಒಗರು ನಿಲ್ಲುತ್ತದೆ.

ನನ್ನ ಮತ ಗೋಧಿ ಬಿಯರಿಗೆ. ಗೋಧಿಯಲ್ಲಿ ಪ್ರೋಟೀನು ಜಾಸ್ತಿ, ಅದಕ್ಕೇ ನೊರೆ ದಪ್ಪ, ಬೇಗ ಇಳಿಯುವುದಿಲ್ಲ. ಜರ್ಮನ್ ರೀತಿಯ ಗೋಧಿ ಬಿಯರಿಗೆ ಅದರ ಯೀಸ್ಟಿನಿಂದಲೇ ಬಾಳೆಹಣ್ಣು, ಲವಂಗದಂಥ ಘಮ ಬರುತ್ತದೆ. ಶುಂಠಿ, ನಿಂಬೆಗೆ ಅದು ಹೇಳಿ ಮಾಡಿಸಿದ ಜೋಡಿ. ಹಾಗಂತ ಲಾಗರ್ ತಪ್ಪು ಅಂತಲ್ಲ. ಅದರಲ್ಲಿ ಶುಂಠಿ ಮುಂದೆ ಬರುತ್ತದೆ, ಬಿಯರ್ ಹಿಂದೆ ನಿಲ್ಲುತ್ತದೆ.

ಇನ್ನೊಂದು. ಪಾರ್ಟಿ ದಿನ ಬಾಟಲಿಗಳನ್ನು ಬಿಸಿಲಲ್ಲಿ ಇಡಬೇಡಿ. ಹಾಪ್ಸ್‌ಗೆ ಬೆಳಕು ತಾಗಿದರೆ ಕೆಟ್ಟ ನಾತ ಬರುತ್ತದೆ. ಕಂದು ಬಾಟಲಿ ಸ್ವಲ್ಪ ತಡೆಯುತ್ತದೆ, ಹಸಿರು ಮತ್ತು ಬಿಳಿ ಬಾಟಲಿ ತಡೆಯುವುದು ಕಷ್ಟ.

ಶುಂಠಿಪಾಕ

ಶುಂಠಿ ವಿಷಯಕ್ಕೆ ನಾನು ಬರಲೇಬೇಕು. ತುರಿದು ಹಿಂಡಿದ ಹಸಿ ರಸ ಹಾಕಬೇಡಿ. ಒಂದು ಸಲ ಖಾರ, ಒಂದು ಸಲ ಸಪ್ಪೆ, ಹದ ಸಿಗುವುದಿಲ್ಲ. ತಳದಲ್ಲಿ ಗಸಿಯೂ ನಿಲ್ಲುತ್ತದೆ. ಪಾಕದೊಳಗೇ ಶುಂಠಿ ಇಳಿಸಿ.

200 ಗ್ರಾಂ ಸಕ್ಕರೆ, 200 ಮಿಲಿ ನೀರು, 50 ಗ್ರಾಂ ಶುಂಠಿ. ಶುಂಠಿಯನ್ನು ತೆಳ್ಳಗೆ ಬಿಲ್ಲೆ ಮಾಡಿ. ಎಲ್ಲ ಸೇರಿಸಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಇಡಿ. ಎಳೆ ಬರುವ ತನಕ ಕಾಯಿಸಬೇಡಿ, ಇದು ತೆಳ್ಳಗೇ ಇರಬೇಕು. ಒಲೆ ಆರಿಸಿ ಮುಚ್ಚಿಟ್ಟು ಇಪ್ಪತ್ತು ನಿಮಿಷ ಬಿಡಿ. ಸೋಸಿ, ತೊಳೆದು ಒಣಗಿಸಿದ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಡಿ. ಒಂದು ವಾರದೊಳಗೆ ಬಳಸಿದರೆ ಘಮ ಚೆನ್ನಾಗಿರುತ್ತದೆ.

ಸಕ್ಕರೆ ಬದಲು ಜೇನುತುಪ್ಪ ಹಾಕಿದರೂ ಸೊಗಸು. ಆದರೆ ಜೇನನ್ನು ನೇರವಾಗಿ ತಣ್ಣನೆಯ ಬಿಯರಿಗೆ ಹಾಕಬೇಡಿ. ಗಟ್ಟಿಯಾಗಿ ಚಮಚಕ್ಕೇ ಮೆತ್ತಿಕೊಳ್ಳುತ್ತದೆ. ಬೆಚ್ಚಗಿನ ನೀರಲ್ಲಿ ಸಮಸಮ ಕರಗಿಸಿ, ತಣಿಸಿ, ಆಮೇಲೆ ಬಳಸಿ.

ನಿಂಬೆಹುಳಿ

ಇದಕ್ಕೇ ಸೇರಿಸುತ್ತೇನೆ. ಸಕ್ಕರೆಯನ್ನೂ ಯಾವತ್ತೂ ಪುಡಿಯಾಗಿ ಬಿಯರಿಗೆ ಹಾಕಬೇಡಿ. ಕರಗುವುದಿಲ್ಲ ಅನ್ನುವುದು ಒಂದು ತೊಂದರೆ. ಪ್ರತಿ ಹರಳಿನ ಸುತ್ತ ಗುಳ್ಳೆ ಎದ್ದು ಕ್ಷಣದಲ್ಲಿ ಗ್ಲಾಸು ಉಕ್ಕುತ್ತದೆ ಅನ್ನುವುದು ದೊಡ್ಡ ತೊಂದರೆ.

ಸಂಜೆಗಾಳಿ

ನಾನು ಇಲ್ಲಿ ಹೊಸಬಳು. ಶೇಕರ್‌ನಲ್ಲಿ ಎಲ್ಲ ಹಾಕಿ ಕುಲುಕಿದರೆ ಸುಲಭ ಅಲ್ವಾ? ಕಾಕ್‌ಟೇಲ್ ಅಂದರೆ ಅದೇ ತಾನೇ?

ಕೌಂಟರ್‌ಹಿಂದೆ

ಬಿಯರ್ ಇರುವಾಗ ಶೇಕರ್ ಮುಚ್ಚಿ ಕುಲುಕಲೇಬೇಡಿ. ಸೋಡಾಕ್ಕೂ ಇದೇ ಮಾತು. ಒಳಗೆ ಗ್ಯಾಸು ಒತ್ತಿ ಮುಚ್ಚಳ ಹಾರುತ್ತದೆ. ನಾನು ಕೆಲಸ ಕಲಿಯುವಾಗ ಪಕ್ಕದಲ್ಲಿದ್ದ ಹುಡುಗ ಹೀಗೆ ಮಾಡಿದ. ಲೋಹದ ಮುಚ್ಚಳ ಹುಬ್ಬಿಗೆ ಬಡಿದು ಎರಡು ಹೊಲಿಗೆ ಹಾಕಬೇಕಾಯಿತು. ಕುಲುಕುವುದಿದ್ದರೆ ಗ್ಯಾಸಿಲ್ಲದ್ದನ್ನು ಮಾತ್ರ ಕುಲುಕಿ. ಪಾಕ, ನಿಂಬೆರಸ, ಹಣ್ಣಿನ ರಸ, ಐಸ್ ಹಾಕಿ ಕುಲುಕಿ ಗ್ಲಾಸಿಗೆ ಸೋಸಿ. ಬಿಯರ್ ಕೊನೆಗೆ, ಗ್ಲಾಸಿನಲ್ಲೇ.

ಸಂಜೆಗಾಳಿ

ಹೇಳಿದ್ದು ಒಳ್ಳೆಯದಾಯಿತು. ಇನ್ನೊಂದು ಪ್ರಶ್ನೆ. ನಾನು ಮಾತ್ರೆ ತೆಗೆದುಕೊಳ್ಳುತ್ತಿರುವುದರಿಂದ ಕುಡಿಯುವುದಿಲ್ಲ. ಆಲ್ಕೋಹಾಲ್ ಇಲ್ಲದ ಬಿಯರಿನಲ್ಲಿ ಇದು ಆಗುತ್ತದಾ?

ಗೋಧಿತೆನೆ

ಖಂಡಿತ ಆಗುತ್ತದೆ. ಆದರೆ ಅಳತೆ ಬದಲಾಗಬೇಕು. ಅಂಥ ಬಿಯರಿನಲ್ಲಿ ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಧಾನ್ಯದ, ಸಿಹಿ ಮೊದಲೇ ಮುಂದೆ ಇರುತ್ತದೆ. ಪಾಕ ಅರ್ಧಕ್ಕೆ ಇಳಿಸಿ, ನಿಂಬೆ ಅಷ್ಟೇ ಇರಲಿ. ಶುಂಠಿ ಸ್ವಲ್ಪ ಜಾಸ್ತಿ ಇದ್ದರೆ ಆಲ್ಕೋಹಾಲು ಕೊಡುವ ಬಿಸಿಯ ಜಾಗವನ್ನು ಅದು ತುಂಬುತ್ತದೆ.

ಲೇಬಲ್ ಓದಿ ತನ್ನಿ. ಕೆಲವು ದೇಶಗಳಲ್ಲಿ 0.5 ಶೇಕಡಾದವರೆಗೆ ಇದ್ದರೂ ಆಲ್ಕೋಹಾಲ್ ಇಲ್ಲದ್ದು ಅಂತಲೇ ಮಾರಬಹುದು. 0.0 ಅಂತ ಬರೆದಿರುವುದೂ ಸಿಗುತ್ತದೆ. ನಿಮ್ಮ ಮಾತ್ರೆಗೆ ಯಾವುದು ಸರಿ ಅಂತ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.

ಹಳೆಪುಟ

ಈ ಬೆರಕೆಗೆ ಒಳ್ಳೆಯ ಹಿನ್ನೆಲೆ ಇದೆ, ನನಗೆ ತುಂಬ ಇಷ್ಟದ ವಿಷಯ. ಬಿಯರಿಗೆ ಜಿಂಜರ್ ಬಿಯರ್ ಅನ್ನುವ ಶುಂಠಿ ಪಾನೀಯ ಬೆರೆಸುವುದನ್ನು ಇಂಗ್ಲೆಂಡಿನಲ್ಲಿ 19ನೇ ಶತಮಾನದಲ್ಲೇ ಶ್ಯಾಂಡಿಗ್ಯಾಫ್ ಅನ್ನುತ್ತಿದ್ದರು. ಅದೇ ಹೆಸರು ಚಿಕ್ಕದಾಗಿ ಶ್ಯಾಂಡಿ ಆಯಿತು. ಅಂದರೆ ಅರ್ಧಗ್ಲಾಸು ಅವರು ಬಿಯರಿಗೆ ಶುಂಠಿ ಸೇರಿಸುತ್ತಿರುವುದು ಹಳೆಯ ದಾರಿಯಲ್ಲೇ.

ಜರ್ಮನಿಯಲ್ಲಿ ಇದರ ಸೋದರ ರಾಡ್ಲರ್. ಆ ಮಾತಿಗೆ ಸೈಕಲ್ ಹೊಡೆಯುವವನು ಅಂತ ಅರ್ಥ. ಮ್ಯೂನಿಕ್ ಹತ್ತಿರದ ಡೈಸೆನ್‌ಹೋಫೆನ್‌ನಲ್ಲಿ ಫ್ರಾಂಜ್ ಕ್ಸಾವರ್ ಕುಗ್ಲರ್ ಅನ್ನುವವರ ಹೋಟೆಲಿತ್ತು. 1922ರಲ್ಲಿ ಒಂದು ದಿನ ಸೈಕಲ್ ಸವಾರರು ಗುಂಪುಗುಂಪಾಗಿ ಬಂದರಂತೆ. ಬಿಯರ್ ಸಾಲದೆ ಹೋಗಿ ಅರ್ಧಕ್ಕೆ ಅರ್ಧ ನಿಂಬೆ ಸೋಡಾ ಬೆರೆಸಿ ಕೊಟ್ಟರಂತೆ. ಜನ ಈ ಕಥೆಯನ್ನು ಬಿಡದೆ ಹೇಳುತ್ತಾರೆ. ಆದರೆ ಆ ಹೆಸರು ಅದಕ್ಕಿಂತ ಮೊದಲೇ ಅಚ್ಚಿನಲ್ಲಿ ಬಂದಿದೆ. ಹಾಗಾಗಿ ಕುಗ್ಲರ್ ಅದನ್ನು ಕಂಡುಹಿಡಿದರು ಅನ್ನುವುದಕ್ಕಿಂತ ಊರಿಗೆಲ್ಲ ಹರಡಿದರು ಅನ್ನುವುದು ಸರಿ.

ನನಗೆ ಎಲ್ಲಕ್ಕಿಂತ ಇಷ್ಟ ಬರ್ಲಿನರ್ ವೈಸ್. ಅದು ಬರ್ಲಿನ್ನಿನ ಹುಳಿ ಗೋಧಿ ಬಿಯರ್, ಆಲ್ಕೋಹಾಲು ಸುಮಾರು 3 ಶೇಕಡಾ. ಮೊಸರು ಹುಳಿಯಾಗುವುದು ಯಾವ ಬಗೆಯ ಬ್ಯಾಕ್ಟೀರಿಯಾದಿಂದಲೋ ಇದೂ ಅಂಥದ್ದರಿಂದಲೇ ಹುಳಿಯಾಗುತ್ತದೆ. ಅಗಲ ಬಾಯಿಯ ಬಟ್ಟಲಿನಂಥ ಗ್ಲಾಸಿನಲ್ಲಿ ರಾಸ್ಪ್‌ಬೆರಿ ಸಿರಪ್ ಹಾಕಿ ಕೆಂಪಗೆ, ಇಲ್ಲವೇ ವುಡ್‌ರಫ್ ಅನ್ನುವ ಸೊಪ್ಪಿನ ಸಿರಪ್ ಹಾಕಿ ಹಸಿರಾಗಿ ಕೊಡುತ್ತಾರೆ. ಅಲ್ಲಿ ಬಿಯರೇ ಹುಳಿ, ಅದಕ್ಕೇ ನಿಂಬೆ ಬೇಕಾಗುವುದಿಲ್ಲ. ನಿಂಬೆಹುಳಿ ಅವರು ಮೊದಲು ಹೇಳಿದ ಮಾತೇ ಇದು. ಸಿಹಿಗೆ ಒಂದು ಹುಳಿ ಜೊತೆ ಬೇಕು. ಅದು ನಿಂಬೆಯಿಂದ ಬಂದರೂ ಸರಿ, ಬಿಯರಿನಿಂದ ಬಂದರೂ ಸರಿ.

ತಿಂಡಿಪೋತ

ಕಪ್ಪು ಬಿಯರಿನ ಬಗ್ಗೆ ಯಾಕೆ ಯಾರೂ ಹೇಳಲಿಲ್ಲ? ಸ್ಟೌಟ್‌ಗೆ ಒಂದು ಉಂಡೆ ವೆನಿಲಾ ಐಸ್‌ಕ್ರೀಮ್ ಹಾಕಿ ನೋಡಿ. ಹುರಿದ ಮಾಲ್ಟಿನಿಂದ ಕಾಫಿ, ಚಾಕೊಲೇಟಿನ ರುಚಿ ಮೊದಲೇ ಇರುತ್ತದೆ. ಬೇರೆ ಏನೂ ಬೇಡ. ಗ್ಲಾಸಿನಲ್ಲಿ ಮೂರನೇ ಒಂದು ಭಾಗ ಖಾಲಿ ಬಿಡಿ, ನೊರೆ ತುಂಬ ಏಳುತ್ತದೆ. ಇದಕ್ಕೆ ಮಾತ್ರ ನಿಂಬೆ ಹಾಕಲೇಬೇಡಿ, ಹಾಲು ಒಡೆಯುತ್ತದೆ.

ಕೌಂಟರ್‌ಹಿಂದೆ

ಊಟ ಆದ ಮೇಲೆ ಕೊಡಲು ಅದು ತುಂಬ ಒಳ್ಳೆಯದು. ಸ್ಟೌಟನ್ನು ಶ್ಯಾಂಪೇನ್ ಜೊತೆ ಸೇರಿಸುವ ಬ್ಲ್ಯಾಕ್ ವೆಲ್ವೆಟ್ ಅಂತಲೂ ಒಂದಿದೆ. 1861ರಲ್ಲಿ ರಾಣಿ ವಿಕ್ಟೋರಿಯಾಳ ಗಂಡ ರಾಜಕುಮಾರ ಆಲ್ಬರ್ಟ್ ತೀರಿಕೊಂಡಾಗ ಲಂಡನ್ನಿನ ಕ್ಲಬ್ಬೊಂದರಲ್ಲಿ ಶೋಕಕ್ಕೆ ಅಂತ ಶ್ಯಾಂಪೇನಿಗೂ ಕಪ್ಪು ಬಣ್ಣ ತೊಡಿಸಿದರು ಅಂತ ಅದರ ಕಥೆ.

ಅರ್ಧಗ್ಲಾಸು

ನಿನ್ನೆ ರಾತ್ರಿ ಕೂತು ಮಾಡಿದೆ. ಶುಂಠಿಪಾಕ ಅವರ ಪಾಕ 15 ಮಿಲಿ, ನಿಂಬೆರಸ 15 ಮಿಲಿ, ಗೋಧಿ ಬಿಯರ್ 200 ಮಿಲಿ. ಐಸ್ ಇಲ್ಲ. ಎಲ್ಲ ತಣ್ಣಗೆ. ಈಗ ಸಕ್ಕರೆ ಗ್ಲಾಸಿಗೆ ಸುಮಾರು 9 ಗ್ರಾಂ ಅಷ್ಟೇ.

ಕೊನೆಯ ಗುಟುಕು ಮೊದಲಿನ ಹಾಗೇ ಇತ್ತು! ಎಷ್ಟು ಖುಷಿಯಾಯಿತು ಅಂದರೆ ಇನ್ನೊಂದು ಗ್ಲಾಸು ಮಾಡಿ ಅಕ್ಕನಿಗೂ ಕೊಟ್ಟೆ. ಬಿಯರ್ ಇಷ್ಟವಿಲ್ಲದ ಅಕ್ಕ ಪೂರ್ತಿ ಕುಡಿದಳು. ಇನ್ನು ಸ್ವಲ್ಪ ಸಿಹಿ ಇರಲಿ ಅಂದಳು. ಅವಳಿಗೆ ಪಾಕ 20 ಮಿಲಿ ಮಾಡಿದೆ, ಅದೂ ಹದವಾಗಿತ್ತು.

ಒಂದೇ ಒಂದು ಬೇಜಾರು. ನೊರೆ ಅರ್ಧ ನಿಮಿಷಕ್ಕೆ ಇಳಿದುಹೋಯಿತು. ಗೋಧಿ ಬಿಯರ್ ಅಂದರೆ ದಪ್ಪ ನೊರೆ ಅಂದಿದ್ದಿರಿ.

ಗೋಧಿತೆನೆ

ಗ್ಲಾಸು ಹೇಗೆ ತೊಳೆದಿರಿ? ಮೇಲೆ ನಿಂಬೆ ಬಿಲ್ಲೆ ಹಾಕಿದಿರಾ?

ಅರ್ಧಗ್ಲಾಸು

ಪಾತ್ರೆಗಳ ಜೊತೆಗೇ, ಅದೇ ಸ್ಪಂಜಿನಲ್ಲಿ ತೊಳೆದೆ. ಹೌದು, ನಿಂಬೆ ಬಿಲ್ಲೆ ಹಿಂಡಿ ಮೇಲೆ ತೇಲಿಬಿಟ್ಟಿದ್ದೆ. ಚೆಂದ ಕಾಣಲಿ ಅಂತ.

ಗೋಧಿತೆನೆ

ಎರಡೂ ನೊರೆಗೆ ಶತ್ರು. ಸ್ಪಂಜಿನಲ್ಲಿ ಅಡುಗೆಯ ಜಿಡ್ಡು ಇರುತ್ತದೆ. ಕಣ್ಣಿಗೆ ಕಾಣದಷ್ಟು ಜಿಡ್ಡು ಸಾಕು, ನೊರೆಯ ಗುಳ್ಳೆ ಒಡೆಯುತ್ತದೆ. ಸೋಪು ಉಳಿದರೂ ಅಷ್ಟೇ. ಬಿಯರ್ ಗ್ಲಾಸಿಗೆ ಬೇರೆ ಸ್ಪಂಜು ಇಡಿ, ನೀರಿನಲ್ಲಿ ಚೆನ್ನಾಗಿ ಜಾಲಿಸಿ, ಬಟ್ಟೆಯಲ್ಲಿ ಒರೆಸದೆ ಬೋರಲು ಹಾಕಿ ಒಣಗಿಸಿ. ಪರೀಕ್ಷೆ ಸುಲಭ. ಗ್ಲಾಸಿನ ಒಳಗೆ ನೀರು ಬಿಟ್ಟು ಸುರಿಯಿರಿ. ನೀರು ಒಂದೇ ಪದರವಾಗಿ ಜಾರಿದರೆ ಗ್ಲಾಸು ಶುದ್ಧ. ಅಲ್ಲಲ್ಲಿ ಹನಿಹನಿಯಾಗಿ ನಿಂತರೆ ಜಿಡ್ಡಿದೆ ಅಂತ ಅರ್ಥ.

ನಿಂಬೆ ಸಿಪ್ಪೆಯಲ್ಲಿ ಎಣ್ಣೆ ಇದೆ. ಅದೂ ನೊರೆ ಇಳಿಸುತ್ತದೆ. ಬಿಲ್ಲೆಯನ್ನು ಒಳಗೆ ಬಿಡಬೇಡಿ, ಸೀಳಿ ಗ್ಲಾಸಿನ ಅಂಚಿಗೆ ಸಿಕ್ಕಿಸಿ. ನೋಡಲೂ ಚೆಂದ, ನೊರೆಯೂ ಉಳಿಯುತ್ತದೆ.

ಅರ್ಧಗ್ಲಾಸು

ಸರಿ, ಹಾಗೇ ಮಾಡುತ್ತೇನೆ. ಈಗ ಇಪ್ಪತ್ತು ಜನಕ್ಕೆ ಹೇಗೆ? ದೊಡ್ಡ ಜಗ್ಗಿನಲ್ಲಿ ಬೆರೆಸಿಟ್ಟರೆ ಆಗುತ್ತದಾ?

ಕೌಂಟರ್‌ಹಿಂದೆ

ಜಗ್ಗಿಗೆ ಬಿಯರ್ ಹಾಕಿಡಬೇಡಿ. ಹತ್ತಿಪ್ಪತ್ತು ನಿಮಿಷದಲ್ಲಿ ಜೀವ ಹೋಗುತ್ತದೆ. ಪಾಕ ಮತ್ತು ನಿಂಬೆರಸ ಮಾತ್ರ ಬೆರೆಸಿಡಿ.

ಇಪ್ಪತ್ತು ಗ್ಲಾಸಿಗೆ 300 ಮಿಲಿ ಪಾಕ, 300 ಮಿಲಿ ನಿಂಬೆರಸ. ಒಂದು ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಡಿ. ಪಾಕ ಹಿಂದಿನ ದಿನವೇ ಮಾಡಬಹುದು, ನಿಂಬೆ ಮಾತ್ರ ಅವತ್ತೇ ಹಿಂಡಿ. ಹಳೆಯ ರಸದಲ್ಲಿ ಕಹಿ ಬರುತ್ತದೆ. ಪ್ರತಿ ಗ್ಲಾಸಿಗೆ ಇದರಿಂದ 30 ಮಿಲಿ, ಮೇಲೆ ಬಿಯರ್. 330 ಮಿಲಿಯ 12 ಬಾಟಲಿ ಅಂದರೆ ಹೆಚ್ಚೂಕಡಿಮೆ ನಾಲ್ಕು ಲೀಟರ್, ಒಂದು ಸುತ್ತಿಗೆ ಸರಿಹೋಗುತ್ತದೆ. ಎರಡನೇ ಸುತ್ತಿಗೆ ಅಷ್ಟೇ ಎತ್ತಿಡಿ.

ಬಿಯರ್ ಬೇಗ ತಂಪಾಗಬೇಕಾದರೆ ಬಕೆಟ್ಟಿಗೆ ಐಸ್, ನೀರು, ಒಂದು ಹಿಡಿ ಉಪ್ಪು ಹಾಕಿ ಬಾಟಲಿ ಮುಳುಗಿಸಿ. ಬರೀ ಐಸ್‌ನಲ್ಲಿ ಇಟ್ಟರೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ನೀರಿದ್ದರೆ ಸುತ್ತಲೂ ತಾಗುತ್ತದೆ. ಫ್ರೀಜರ್‌ಗೆ ಹಾಕಿ ಮರೆತರೆ ಬಾಟಲಿ ಒಡೆಯುತ್ತದೆ.

ನಿಂಬೆಹುಳಿ

ಸ್ವಲ್ಪ ವೋಡ್ಕಾ ಸೇರಿಸಿದರೆ ಹೇಗೆ ಅಂತ ಯಾರಾದರೂ ಅವತ್ತು ಕೇಳಿಯೇ ಕೇಳುತ್ತಾರೆ. ನನ್ನ ಉತ್ತರ ಬೇಡ ಅಂತ. 5 ಶೇಕಡಾದ 330 ಮಿಲಿ ಬಿಯರಿನಲ್ಲಿ 16.5 ಮಿಲಿ ಶುದ್ಧ ಆಲ್ಕೋಹಾಲ್ ಇರುತ್ತದೆ. 40 ಶೇಕಡಾದ ವೋಡ್ಕಾ 30 ಮಿಲಿ ಹಾಕಿದರೆ ಇನ್ನೂ 12 ಮಿಲಿ ಸೇರಿತು. ಸಿಹಿ, ಹುಳಿ, ಶುಂಠಿ ಅದನ್ನು ಪೂರ್ತಿ ಮುಚ್ಚುತ್ತದೆ. ಕುಡಿಯುವವರಿಗೆ ಗೊತ್ತೇ ಆಗುವುದಿಲ್ಲ, ಏರುವುದು ಮಾತ್ರ ಏರುತ್ತದೆ.

ಸಂಜೆಗಾಳಿ

ನನ್ನಂಥವರ ಗ್ಲಾಸು ಬೇರೆ ಆಕಾರದ್ದಿರಲಿ ಅಂತ ಒಂದು ಕೋರಿಕೆ. ಎರಡೂ ಒಂದೇ ಥರ ಕಂಡರೆ ಗದ್ದಲದಲ್ಲಿ ಅದಲುಬದಲಾಗುತ್ತದೆ. ಗಾಡಿ ಓಡಿಸುವವರಿಗೂ ಅದೇ ಗ್ಲಾಸು ಕೊಡಿ.

ಅರ್ಧಗ್ಲಾಸು

ಖಂಡಿತ. ಕಾಲಿರುವ ಗ್ಲಾಸು ಆರು ಇವೆ. ಅವುಗಳಲ್ಲಿ ಆಲ್ಕೋಹಾಲ್ ಇಲ್ಲದ್ದು ಮಾತ್ರ.

ಅರ್ಧಗ್ಲಾಸು

ಹುಟ್ಟುಹಬ್ಬ ನಿನ್ನೆ ಮುಗಿಯಿತು, ಅದಕ್ಕೆ ಮತ್ತೆ ಬಂದೆ. ಹೊಸ ಸ್ಪಂಜಿನಲ್ಲಿ ಗ್ಲಾಸು ತೊಳೆದು ಬೋರಲು ಹಾಕಿದ್ದೆ. ನೊರೆ ಎರಡು ಬೆರಳಿನಷ್ಟು ನಿಂತಿತು. ಬಿಯರ್ ಬಗ್ಗಿಸುವ ಕೆಲಸಕ್ಕೆ ನನ್ನ ಜೊತೆ ಭಾವ ನಿಂತರು. ನಾನು 30 ಮಿಲಿ ಅಳೆದು ಹಾಕುತ್ತಾ ಹೋದೆ, ಅವರು ಓರೆ ಹಿಡಿದು ಸುರಿಯುತ್ತಾ ಹೋದರು. ಇಪ್ಪತ್ತು ಗ್ಲಾಸು ಹದಿನೈದು ನಿಮಿಷದೊಳಗೆ ಆಯಿತು. ಆಲ್ಕೋಹಾಲ್ ಇಲ್ಲದ್ದಕ್ಕೆ ಪಾಕ ಅರ್ಧ ಮಾಡಿದ್ದು ಸರಿಯಾಗಿತ್ತು, ಅದನ್ನು ಕುಡಿಯುವವರೂ ಎರಡನೇ ಸಲ ಕೇಳಿದರು.

ಒಂದು ತಿದ್ದುಪಡಿ. ಮೊದಲ ಸುತ್ತಿನಲ್ಲಿ ಪಾಕದ ಬಾಟಲಿಯನ್ನು ಮೇಜಿನ ಮೇಲೇ ಬಿಟ್ಟಿದ್ದೆ. ಎರಡನೇ ಸುತ್ತಿಗೆ ಅದು ಬೆಚ್ಚಗಾಗಿ ಬಿಯರ್ ಸುರಿದ ಕೂಡಲೇ ಉಕ್ಕಲು ಶುರುವಾಯಿತು. ಅದನ್ನೂ ಐಸ್ ಬಕೆಟ್ಟಿಗೆ ಇಳಿಸಿದ ಮೇಲೆ ಸರಿಹೋಯಿತು. ಮಾಡುವವರು ಇದನ್ನು ಮೊದಲೇ ನೆನಪಿಟ್ಟುಕೊಳ್ಳಿ. ಕೊನೆಗೆ ತೊಳೆಯಲು ಎತ್ತಿದಾಗ ಒಂದು ಗ್ಲಾಸಿನ ತಳದಲ್ಲೂ ಪಾಕ ಅಂಟಿರಲಿಲ್ಲ.